ಡ್ರಮ್ಮಿನ ಮೇಲಿನ ನಾಲ್ಕು ಬೆರಳು

ಪಲ್ಲವಿ, ಚೆನ್ನು, ಇದು ನಿಮಗೆ.

ನಲ್ಲಿ ನೀರು ಬಂದ ದಿನವೆಲ್ಲ ನಮ್ಮ ಮನೆಯಲ್ಲಿ ಒಂದೇ ಜಗಳ. ನಾನು ಡ್ರಮ್ಮನ್ನು ಕಂಠಮಟ ತುಂಬಿಸುವುದಿಲ್ಲ. ಮೇಲೆ ನಾಲ್ಕು ಬೆರಳು ಬಿಟ್ಟು ಪೈಪು ತೆಗೆದುಬಿಡುತ್ತೇನೆ. "ಈ ಲಿಂಗಸುಗೂರಿನ್ಯಾಗ ನೀರು ನಾಳೆ ಬರ್ತಾವೋ ಇಲ್ಲೋ, ತುಂಬ್ಸಬೇ ಅಜ್ಜಿ" ಎಂದು ಚೆನ್ನು ಕೂಗುತ್ತಾನೆ. ನಾನು ಕೇಳದವಳಂತೆ ಒಳಗೆ ಹೋಗುತ್ತೇನೆ.

ಈಗ ಪಲ್ಲವಿ ಮೀನುಗಾರಿಕೆ ಓದಲು ಹಾಸ್ಟೆಲಿಗೆ ಹೊರಟಿದ್ದಾಳೆ. ಮೊನ್ನೆ ಬಟ್ಟೆ ಮಡಚುತ್ತ ಕೇಳಿದಳು: "ಅಜ್ಜಿ, ನೀ ಆ ಮೀನಿನ ಸೆಂಟರಿನ್ಯಾಗ ಖರೇ ಅಂದ್ರ ಏನ್ ಮಾಡ್ತಿದ್ದಿ?" ನೀರು ಬದಲಿಸುತ್ತಿದ್ದೆ ಎಂದು ಹೇಳಿ ಸುಮ್ಮನಾದೆ. ಎದುರಿಗೆ ಕೂತು ಮಾತಾಡುವುದು ನನಗೆ ಎಂದೂ ಬರಲಿಲ್ಲ. ಬರೆಯುವುದಾದರೂ ಸುಲಭವೇ? ಒಂದು ಸಾಲು ಬರೆಯುತ್ತೇನೆ, ಎದ್ದು ಒಲೆಯ ಹತ್ತಿರ ಹೋಗುತ್ತೇನೆ, ಬಾಗಿಲಿಗೆ ಬಂದು ನಿಲ್ಲುತ್ತೇನೆ, ಮತ್ತೆ ಕೂರುತ್ತೇನೆ. ಕೂತಲ್ಲಿ ಕೂರಲಾರದ ಈ ಚಾಳಿ ಆ ಕೆಲಸದಿಂದಲೇ ಅಂಟಿಕೊಂಡಿದ್ದು.

ನಾನು ಓದಿದ್ದು ಸಂತೆಕಲ್ಲೂರಿನ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಕೊಟ್ಟದ್ದೂ ಅದೇ ಊರಿಗೆ. ನಿಮ್ಮಜ್ಜ ತೀರಿಕೊಂಡಾಗ ನಿಮ್ಮಪ್ಪ ಇನ್ನೂ ಶಾಲೆಗೆ ಸೇರಿರಲಿಲ್ಲ. ಮನೆಯಲ್ಲಿ ನಾನು, ಅವನು, ನಮ್ಮ ಅತ್ತೆ ಶಂಕ್ರಮ್ಮ. ಅಂದರೆ ನಿಮ್ಮ ಮುತ್ತಜ್ಜಿ. ಸಿಂಧನೂರಿನಾಚೆ ಕಾಲುವೆ ದಂಡೆಯಲ್ಲಿ ಮೀನು ಸಾಕಿ ಸಂಶೋಧನೆ ಮಾಡುವ ಒಂದು ಸಣ್ಣ ಕೇಂದ್ರವಿದೆ, ಅಲ್ಲಿ ಅಂಕಿ ಬರೆಯಲು ಬರುವ ಹೆಂಗಸು ಬೇಕಂತೆ ಎಂದು ಮಸ್ಕಿಯ ಮಾಸ್ತರರೊಬ್ಬರು ಸುದ್ದಿ ಕಳಿಸಿದರು. ಇರಲು ಒಂದು ಕೋಣೆಯನ್ನೂ ಕೊಡುತ್ತಾರೆ ಎಂದರು.

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಮೊಟ್ಟೆ ಒಡೆದ ವಾಸನೆಗೂ ಅತ್ತೆ ಮೂಗು ಮುಚ್ಚಿಕೊಳ್ಳುವವಳು.

"ಕೊರಳಾಗ ಲಿಂಗ, ಕೈಯಾಗ ಮೀನು. ಎರಡೂ ಒಂದ ಮೈಮ್ಯಾಗ ಹೆಂಗ ಇರ್ತಾವ ಗೌರವ್ವ?" ಎಂದಳು.

ಅಡುಗೆ ಮನೆಯ ಡಬ್ಬಿಗಳು ಖಾಲಿ ಇದ್ದವು. ಅದು ಅವಳಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು.

"ಹೋಗು. ನೀರು ಹಾಕು, ಕೂಳು ಹಾಕು. ಆದ್ರ ನನ್ನ ಮ್ಯಾಲ ಆಣಿ ಐತಿ ನೋಡು, ನಿನ್ನ ಕೈಯಿಂದ ಒಂದು ಜೀವಾನೂ ಹೋಗಬಾರದು."

"ಹೋದ್ರ, ಅತ್ತಿ?"

"ಹೋದ ದಿನ ಚಾಕರಿ ಬಿಟ್ಟು ಬಾ. ಉಪಾಸ ಇರೂಣು."

ಹೀಗೆ ಆಣೆ ಹೊತ್ತುಕೊಂಡೇ ನಾನು ಕೆಲಸಕ್ಕೆ ಸೇರಿದೆ. ಅತ್ತೆಯೂ ನಮ್ಮ ಜೊತೆಗೇ ಬಂದಳು. ಮೊಮ್ಮಗನನ್ನು ನೋಡಿಕೊಳ್ಳಲು ಅಂದಳು. ನನ್ನ ಕೈಗಳನ್ನು ನೋಡಿಕೊಳ್ಳಲು ಎಂದು ನನಗೆ ಅನಿಸುತ್ತಿತ್ತು.

ಮೊದಲು ರೋಹು, ಕಟ್ಲಾ ಮರಿಗಳ ತೊಟ್ಟಿಗಳಲ್ಲಿ ಕೆಲಸ. ಆಮೇಲೆ ನಿರ್ಮಲಾ ಮೇಡಂ ಬಂದರು. ಅವರು ದಕ್ಷಿಣದ ಕಡೆಯವರು, ಮೀನಿನ ವಂಶವಾಹಿ ಓದಿದವರು. ಅವರಿಗೆ ಬೇಕಾಗಿದ್ದು ಕೊರವ ಮೀನು. ಕಾಲುವೆ ನೀರಿಗೆಂದು ಬಂದು ಕ್ಯಾಂಪು ಕಟ್ಟಿಕೊಂಡ ತೆಲುಗರು ಅದನ್ನು ಕೊರಮೀನು ಎನ್ನುತ್ತಾರೆ. ಹಾವಿನಂಥ ತಲೆ, ದುಂಡಗೆ ಉದ್ದನೆಯ ಮೈ. ಪಲ್ಲವಿಗೆ ಮುಂದೆ ಪುಸ್ತಕದಲ್ಲಿ ಸಿಗುತ್ತದೆ, ಆದರೂ ಹೇಳುತ್ತೇನೆ: ಬೇರೆ ಮೀನುಗಳಂತೆ ಇದಕ್ಕೆ ಕಿವಿರು ಇದೆ, ಆದರೆ ಅದೊಂದೇ ಸಾಲದು. ಕಿವಿರಿನ ಮೇಲೆ, ತಲೆಯ ಒಳಗೆ ಒಂದು ಗೂಡಿದೆ. ಮೇಲೆ ಬಂದು ಬಾಯಿ ತೆರೆದು ಒಂದು ಗುಟುಕು ಗಾಳಿ ನುಂಗಿ ಆ ಗೂಡಿಗೆ ತುಂಬಿಕೊಂಡು ಕೆಳಗೆ ಹೋಗುತ್ತದೆ. ಅದಕ್ಕೇ ಹೊಂಡ ಬತ್ತಿ ಕೆಸರಾದರೂ ಬದುಕುತ್ತದೆ.

ಮೇಡಂ ನನಗೆ ಕೊಟ್ಟ ಮೊದಲ ಕೆಲಸ ನೋಡುವುದು. ತೊಟ್ಟಿಯ ಪಕ್ಕ ಕೂತು, ಮೀನು ಮೇಲೆ ಬಂದಾಗಲೆಲ್ಲ ಒಂದು ಹುಣಸೆ ಬೀಜ ಬಟ್ಟಲಿಗೆ ಹಾಕಬೇಕು. ಸುಲಭ ಎನ್ನುತ್ತೀರಿ. ಕೂತು ನೋಡಿ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುವಾಗ ನಮ್ಮ ಉಸಿರೇ ನಿಂತುಹೋಗುತ್ತದೆ. ತಡವಾದರೆ ಕೂರಲಾಗದೆ ಎದ್ದು ತೊಟ್ಟಿಗೆ ಬಗ್ಗುತ್ತೇವೆ. ಬಂದು ಗುಳಕ್ ಎಂದು ಗಾಳಿ ನುಂಗಿದರೆ ಸಮಾಧಾನ, ಮರುಕ್ಷಣ ಮತ್ತೆ ಅದೇ ತಳಮಳ. ಮನೆಗೆ ಹೋದ ಮೇಲೂ ಮಲಗಿದ ಮಗನ ಹೊಟ್ಟೆ ಮೇಲೆ ಕೆಳಗೆ ಆಡುವುದನ್ನೇ ನೋಡುತ್ತಿದ್ದೆ. ಮುಂದೆ ಆ ಕೆಲಸಕ್ಕೆ ಕ್ಯಾಮರಾ ಬಂತು, ಹುಣಸೆ ಬೀಜದ ಬಟ್ಟಲು ಮೂಲೆಗೆ ಬಿತ್ತು. ತಳಮಳ ಮಾತ್ರ ಹೋಗಲಿಲ್ಲ.

ಬತ್ತುವ ಹೊಂಡದಲ್ಲಿ ಬಾಳಿದ ಕೊರವ ಬೇಕು ಎಂದು ಮೇಡಂ ಹೇಳಿದಾಗ ನಮ್ಮೂರಿನ ಹೊಂಡ ನೆನಪಾಯಿತು. ಅಲ್ಲಿಂದ ಒಂದು ಜೋಡಿಯನ್ನು ತಂದವರು ನಾನು ಮತ್ತು ನಮ್ಮ ವಾಚ್‌ಮನ್ ಹುಸೇನಪ್ಪ. ಮಸ್ಕಿಯಲ್ಲಿ ಸಿಂಧನೂರು ಬಸ್ಸು ಹತ್ತಿದಾಗ ಬಕೆಟ್ಟಿನ ಮೇಲೆ ಬಲೆ ಕಟ್ಟಿದ್ದೆವು.

ಕಂಡಕ್ಟರ್ ಕೇಳಿದ: "ಏನಕ್ಕಾ, ಬಕೀಟಿನ್ಯಾಗ ಏನೈತಿ?"

ಹುಸೇನಪ್ಪ ಎದೆ ಸೆಟೆದು, "ಸರ್ಕಾರಿ ಮೀನು" ಎಂದ.

"ಸರ್ಕಾರಿ ಆದ್ರ ಏನಾತು? ಪಾಸ್ ತೋರ್ಸು."

"ಮೀನಿಂದಾ, ನಂದಾ?"

"ಮೀನಿಂದು. ನಿನ್ನ ಮಾರಿ ನೋಡಿದ್ರಽ ಗೊತ್ತಾಗತೈತಿ, ನೀ ಟಿಕೀಟ್ ತೊಗೊಳ್ಳಾವ."

ಬಸ್ಸಿನವರೆಲ್ಲ ನಕ್ಕರು. ಅಷ್ಟರಲ್ಲಿ ಗಂಡು ಮೀನು ಬಲೆ ಸರಿಸಿ ಹಾರಿ ಸೀಟುಗಳ ಕೆಳಗೆ ಹರಿದಾಡತೊಡಗಿತು. "ಹಾವು, ಹಾವು" ಎಂದು ಹೆಂಗಸರು ಕಾಲು ಮೇಲೆತ್ತಿಕೊಂಡರು. ಕ್ಯಾಂಪಿನ ಮುದುಕರೊಬ್ಬರು ಮಾತ್ರ ಆಸೆಯಿಂದ ಬಗ್ಗಿ, "ಕೊರಮೀನಮ್ಮಾ! ಮಾರ್ತೀರೇನು?" ಎಂದರು. ಹುಸೇನಪ್ಪ ಅದನ್ನು ಹಿಡಿದು ಬಕೆಟ್ಟಿಗೆ ಹಾಕುವ ಹೊತ್ತಿಗೆ ಎರಡು ಊರು ದಾಟಿದ್ದವು. ಮೀನಿಗೆ ಏನೂ ಆಗಿರಲಿಲ್ಲ. ನೀರಿಲ್ಲದೆ ಅದು ಅಷ್ಟು ಹೊತ್ತು ಬದುಕಿದ್ದನ್ನು ನನ್ನ ಕಣ್ಣಿನಿಂದ ನೋಡಿದೆ. ಅದರ ತಿರುವುಮುರುವನ್ನೂ ನೋಡಬೇಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಮೇಡಂ ಹುಡುಕುತ್ತಿದ್ದುದು ಏನು ಎಂದು ಒಂದು ದಿನ ಧೈರ್ಯ ಮಾಡಿ ಕೇಳಿದೆ.

"ಗೌರಮ್ಮ, ನಿಮ್ಮೂರಲ್ಲಿ ಒಲೆ ಇಲ್ಲದ ಮನೆ ಇದೆಯಾ?" ಎಂದರು.

"ಇಲ್ರೀ."

"ಎಲ್ಲ ಒಲೆಗಳೂ ಒಂದೇ ಹೊತ್ತಿಗೆ ಉರಿಯುತ್ತವಾ?"

"ಹೆಂಗ ಉರೀತಾವ್ರೀ? ಹೊಲಕ್ಕ ಹೋಗೋರ ಮನಿದು ನಸುಕಿನ್ಯಾಗ ಉರೀತೈತಿ. ಗೌಡರ ಮನಿದು ಬಿಸಲೇರಿದ ಮ್ಯಾಲ."

ಅವರು ನಕ್ಕರು. "ಮೀನಿನ ಮೈಯಲ್ಲೂ ಹಾಗೇ. ಸಣ್ಣ ರಕ್ತನಾಳ ಹೆಣೆಯುವ ವಂಶವಾಹಿಗಳು ರೋಹುವಿನಲ್ಲೂ ಇವೆ, ಕೊರವದಲ್ಲೂ ಇವೆ. ಕೊರವದ ತಲೆಯ ಗೂಡಿನಲ್ಲಿ ಮಾತ್ರ ಅವು ಜೋರಾಗಿ ಹೊತ್ತಿಕೊಳ್ಳುತ್ತವೆ ಅಂತ ನನ್ನ ಲೆಕ್ಕಾಚಾರ. ಹುಟ್ಟಿದಾಗ ಮರಿಗೆ ಆ ಗೂಡು ಇರೋದಿಲ್ಲ, ನೀರಿನಿಂದಲೇ ಉಸಿರಾಡುತ್ತೆ. ಬೆಳೀತಾ ಬೆಳೀತಾ ಒಂದು ದಿನ ಮೇಲೆ ಬಂದು ಗಾಳಿ ನುಂಗುತ್ತೆ. ಅದಕ್ಕೆ ಮೊದಲು ಯಾವ ಒಲೆ ಆರಿತ್ತು, ಆಮೇಲೆ ಯಾವುದು ಹೊತ್ತಿತು? ಅದು ಗೊತ್ತಾಗಬೇಕು."

ಗೊತ್ತಾಗಬೇಕಾದರೆ ಮರಿಯ ಜೀವ ತೆಗೆಯಬೇಕಾಗಿತ್ತು. ವಂಶವಾಹಿ ಸತ್ತ ಮೀನಿನಲ್ಲೂ ಉಳಿಯುತ್ತದೆ, ರೆಕ್ಕೆಯ ತುದಿ ಕತ್ತರಿಸಿದರೂ ಸಾಕು. ಆದರೆ ಯಾವ ಒಲೆ ಉರಿಯುತ್ತಿತ್ತು ಎಂಬ ಗುರುತು ಜೀವ ಹೋದ ಮೇಲೆ ಬೇಗ ಆರಿಹೋಗುತ್ತದಂತೆ. ಮೇಡಂ ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮೀನನ್ನು ಬಿಡುತ್ತಿದ್ದರು. ಅದು ಮಂಪರು ಬಂದು ಮಲಗುತ್ತಿತ್ತು. ಆಮೇಲೆ ಕತ್ತರಿ, ಸೀಸೆ, ಹೊಗೆಯಾಡುವ ತಣ್ಣನೆಯ ಕ್ಯಾನು. ಆ ಹೊತ್ತಿಗೆ ನಾನು ಏನಾದರೂ ನೆಪ ತೆಗೆದು ಹೊರಗೆ ಹೋಗುತ್ತಿದ್ದೆ. ಕೇಂದ್ರದ ಸಾಹೇಬರಿಗೆ ಇದು ತಮಾಷೆ. "ಏನ್ರೀ ಗೌರಮ್ಮ, ಮೀನಿನ ಸೆಂಟರ್‌ನಲ್ಲಿ ಅಹಿಂಸಾ ಡ್ಯೂಟಿನಾ?" ಎನ್ನುತ್ತಿದ್ದರು. ಮೇಡಂ ಎಂದೂ ಒತ್ತಾಯ ಮಾಡಲಿಲ್ಲ. ಅತ್ತೆ ಮಾತ್ರ ಕೋಣೆಯ ಬಾಗಿಲಲ್ಲಿ ಕೂತು ಮೂಗರಳಿಸುವಳು. "ಲವಂಗದ ವಾಸನಿ ಬರಾಕತ್ತೈತಿ. ನಿಮ್ಮ ಮೇಡಂ ಏನರ ಪಲಾವ್ ಮಾಡಾಕತ್ಯಾಳೇನು?" ನಮ್ಮ ಮನೆಯ ಪಲಾವಿನಲ್ಲಿ ಲವಂಗ ಯಾಕಿಲ್ಲ ಎಂದು ಕೇಳುತ್ತೀರಲ್ಲ, ಇದಕ್ಕೇ.

ಪಲ್ಲವಿ, ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೋ. ಒಣಗೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಬರುತ್ತದೆ. ಬಳೆ, ಉಂಗುರ ತೆಗೆದಿಡು. ಕೊರವದ ತೊಟ್ಟಿಗೆ ಬಲೆ ಕಟ್ಟದೆ ಬೆನ್ನು ತಿರುಗಿಸಬೇಡ, ನೀನು ಬಾಗಿಲು ದಾಟುವ ಮೊದಲು ಅದೇ ದಾಟಿರುತ್ತದೆ. ಇವೆಲ್ಲ ಅಲ್ಲಿ ನಿನಗೆ ಹೇಳಿಕೊಡುತ್ತಾರೆ. ಮುಂದಿನದನ್ನು ಯಾರೂ ಹೇಳಿಕೊಡುವುದಿಲ್ಲ.

ನಮ್ಮೂರಿನ ಜೋಡಿ ಆ ವರ್ಷ ಎರಡು ಸಲ ಮರಿ ಮಾಡಿತು. ಮೊದಲನೆಯ ಸಲದ ಮರಿಗಳು ಬೆರಳುದ್ದ ಬೆಳೆದು ಗಾಳಿ ನುಂಗುತ್ತಿದ್ದವು. ಎರಡನೆಯ ಸಲದವು ಇನ್ನೂ ಎಳ್ಳಿಗಿಂತ ಸ್ವಲ್ಪ ದೊಡ್ಡವು, ಕೆಂಪಗೆ, ಗುಂಪುಗುಂಪಾಗಿ ಓಡಾಡುತ್ತಿದ್ದವು. ಒಂದೇ ತಾಯಿ ತಂದೆಯ ದೊಡ್ಡವು, ಸಣ್ಣವು ಎರಡೂ ಕೈಗೆ ಸಿಕ್ಕಿದ್ದಕ್ಕೆ ಮೇಡಂ ಮುಖ ಅರಳಿತ್ತು. ಅವರ ಕೆಲಸಕ್ಕೆ ಕೊಟ್ಟ ಅವಧಿ ಅದೇ ಹಂಗಾಮಿಗೆ ಮುಗಿಯುವುದಿತ್ತು. ಅವರ ಕೆಲಸ ನಿಂತರೆ ನನ್ನ ಕೆಲಸವೂ ಇಲ್ಲ, ಕೋಣೆಯೂ ಇಲ್ಲ.

ಶ್ರಾವಣದಲ್ಲಿ ಮಳೆ ಕೈಕೊಟ್ಟಿತು. ಅದೇ ಹೊತ್ತಿಗೆ ಕಾಲುವೆ ಒಡೆದು ದುರಸ್ತಿಗೆಂದು ನೀರು ನಿಲ್ಲಿಸಿದರು. ಸಿಮೆಂಟ್ ತೊಟ್ಟಿಗಳು ತಳ ಕಂಡವು. ಮರಿಗಳನ್ನು ಷೆಡ್ಡಿನಲ್ಲಿ ಎರಡು ನೀಲಿ ಡ್ರಮ್ಮುಗಳಿಗೆ ಬಿಟ್ಟೆವು, ದೊಡ್ಡವು ಒಂದರಲ್ಲಿ, ಸಣ್ಣವು ಇನ್ನೊಂದರಲ್ಲಿ. ಅರ್ಧ ನೀರು, ಮೇಲೆ ಬಲೆ. ಮುಚ್ಚಳಗಳನ್ನು ಗೋಡೆಗೆ ಒರಗಿಸಿಟ್ಟಿದ್ದೆವು.

ಶ್ರಾವಣ ಸೋಮವಾರದ ಸಂಜೆ ನಾನು ಮಗನನ್ನು ಕರೆದುಕೊಂಡು ಸಿಂಧನೂರಿನ ದವಾಖಾನೆಗೆ ಹೋಗಿದ್ದೆ, ಅವನಿಗೆ ಜ್ವರ. ಮರುದಿನ ಬೆಳಗ್ಗೆ ಷೆಡ್ಡಿಗೆ ಹೋದೆ. ಡ್ರಮ್ಮುಗಳ ಮೇಲೆ ಬಲೆ ಇರಲಿಲ್ಲ. ಮುಚ್ಚಳ ಬಿಗಿಯಾಗಿ ಒತ್ತಿತ್ತು. ದೊಡ್ಡ ಮರಿಗಳ ಡ್ರಮ್ಮಿನ ಮುಚ್ಚಳ ಎತ್ತಿದೆ. ನೀರು ತುಳುಕಿ ನನ್ನ ಸೀರೆಯ ಮೇಲೆ ಬಿತ್ತು. ಅದರ ಜೊತೆ ಒಂದು ಮರಿಯೂ ಬಿತ್ತು, ಅಲುಗಾಡದೆ.

ಕೈ ಹಾಕಿ ಹಾಕಿ ಎತ್ತಿದೆ. ನೀರು ಚೆಲ್ಲಿದೆ, ಒಂದೊಂದನ್ನೇ ಗಾಳಿಗೆ ಹಿಡಿದೆ. ಒಂದೂ ಬಾಯಿ ತೆರೆಯಲಿಲ್ಲ. ಹುಸೇನಪ್ಪ ಓಡಿಬಂದ. ಹಿಂದೆಯೇ ಸಾಹೇಬರು ಬಂದರು. ನೆಲದ ಮೇಲೆ ಮೀನು ನೋಡಿದರು, ಗೋಡೆಯ ಬುಡದಲ್ಲಿ ಬಿಳಿ ಪುಡಿ ನೋಡಿದರು.

"ಏನಿದು?"

"ಇರುವಿ ಪುಡಿ ರೀ ಸಾಹೇಬ್ರ. ನಿನ್ನೆ ಹಾಕಿದ್ದೆ" ಎಂದ ಹುಸೇನಪ್ಪ.

"ಮೀನಿರೋ ಕಡೆ ವಿಷ ಹಾಕಿದ್ದೀಯಾ? ನಾಳೆಯಿಂದ ಈ ಗೇಟಿನ ಹತ್ತಿರ ಕಾಣಬೇಡ."

"ನೀರಿಗೆ ಬಿದ್ದಿಲ್ರೀ, ಅಲ್ಲಾನ ಆಣಿ, ಅಂಬಾದೇವಿ ಆಣಿ. ಗೋಡಿ ಬುಡಕ ಹಾಕೀನ್ರೀ."

ಆಗ ನನ್ನ ಕಣ್ಣಿಗೆ ಬಿದ್ದದ್ದು ನೆಲ. ಷೆಡ್ಡಿನ ಬಾಗಿಲಿನಿಂದ ನಮ್ಮ ಕೋಣೆಯವರೆಗೆ ಮಣ್ಣಿನಲ್ಲಿ ನೀರು ಚೆಲ್ಲಿದ ಸಾಲು ಇನ್ನೂ ಕಪ್ಪಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬಾಗಿಲಲ್ಲಿದ್ದಳು. ಹಣೆಯಲ್ಲಿ ವಿಭೂತಿ, ಸೆರಗು ತಲೆಯ ಮೇಲೆ. ಅಷ್ಟು ವರ್ಷದಲ್ಲಿ ಅವಳು ಸಾಹೇಬರ ಎದುರು ನಿಂತದ್ದೇ ಇಲ್ಲ.

"ಆ ಬಡವನ್ನ ಯಾಕ ಬೈತೀಯಪ್ಪಾ? ನೀರು ತುಂಬಿದಾಕಿ ನಾನು" ಎಂದಳು.

"ನೀವ್ಯಾಕಮ್ಮ ತುಂಬಿದಿರಿ?"

"ನಿನ್ನೆ ಸಂಜಿಮುಂದ ಇಕಡೆ ಬಂದಿದ್ದೆ. ಅವು ಮ್ಯಾಲೆ ಬಂದು ಬಂದು ಬಾಯಿ ಬಿಡಾಕತ್ತಿದ್ವು. ನೀರಡಿಸ್ಯಾವ ಅಂದ್ಕೊಂಡೆ. ಅರ್ಧ ಡ್ರಮ್ಮಿನ್ಯಾಗ ಮೀನು ಇಡ್ತಾರೇನಪ್ಪಾ? ಶ್ರಾವಣ ಸ್ವಾಮಾರ. ನಮ್ಮ ಮನಿ ಕುಡಿಯೂ ನೀರು ಇತ್ತಲ್ಲ, ಕೊಡದ್ಲೆ ತಂದು ತಂದು ತುಂಬಿದೆ. ಹದ್ದು, ಬೆಕ್ಕು ಬಂದಾವಂತ ಮುಚ್ಚಳ ಒತ್ತಿದೆ. ನಾ ಏನ್ ವಿಷ ಹಾಕಿಲ್ಲ. ನೀರು ಹಾಕೀನಿ."

ನಮ್ಮ ಕಡೆ ನೀರು ಬಂದ ದಿನ ಡ್ರಮ್ಮನ್ನು ಕಂಠಮಟ ತುಂಬಿ ಮುಚ್ಚಳ ಒತ್ತಿಡುವುದನ್ನು ಹೆಣ್ಣುಮಕ್ಕಳು ಹಾಲು ಕುಡಿಯುವಾಗಲೇ ಕಲಿತಿರುತ್ತಾರೆ. ನೀರಿಲ್ಲದ ಜೋಳದ ನೆಲದಲ್ಲಿ ಬೆಳೆದವಳು ಅವಳು. ನೀರು ಹೆಚ್ಚಾಗಿ ಯಾರಾದರೂ ಸತ್ತದ್ದನ್ನು ಕಂಡವಳಲ್ಲ.

ಮೇಡಂ ಸಿಂಧನೂರಿನಿಂದ ಬಂದರು. ಎಲ್ಲ ಕೇಳಿಸಿಕೊಂಡರು. ಸತ್ತ ಮರಿಗಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಅವುಗಳನ್ನು ಒಂದೊಂದಾಗಿ ಎಣಿಸಿದರು. ಬೈದಿದ್ದರೆ ವಾಸಿಯಿತ್ತು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಅಮ್ಮ, ಅವು ಬಾಯಿ ಬಿಡ್ತಿದ್ದದ್ದು ನೀರಿಗಲ್ಲ. ಗಾಳಿಗೆ."

"ನೀರಾಗಿನ ಮೀನಿಗೆ ಗಾಳಿ ಯಾಕಬೇಕವ್ವಾ?"

ಮೇಡಂ ಒಂದು ಸತ್ತ ಮರಿಯ ತಲೆಯನ್ನು ಬಿಡಿಸಿದರು. ಕಿವಿರಿನ ಮೇಲಿನ ಗೂಡು ಕಂಡಿತು, ಒಳಗೋಡೆ ಹುಂಜದ ಜುಟ್ಟಿನಂತೆ ಕೆಂಪು. ಮೀನಿನ ವಾಸನೆಗೆ ಮೂಗು ಮುಚ್ಚುತ್ತಿದ್ದ ಅತ್ತೆ ಸೆರಗು ಬಿಟ್ಟು ಬಗ್ಗಿ ನೋಡಿದಳು.

"ಈ ಗೂಡಿಗೆ ಗಾಳಿ ಸಿಗದಿದ್ದರೆ ಇವು ನೀರಿನಲ್ಲೇ ಮುಳುಗಿ ಸಾಯ್ತವೆ. ಮುಚ್ಚಳಕ್ಕೂ ನೀರಿಗೂ ನಡುವೆ ಜಾಗ ಇರಲಿಲ್ಲ."

ಅತ್ತೆ ತನ್ನ ಎರಡೂ ಅಂಗೈ ಎತ್ತಿ ನೋಡಿಕೊಂಡಳು. ಆಮೇಲೆ ಪಕ್ಕದ ಡ್ರಮ್ಮಿನ ಕಡೆ ಕೈ ತೋರಿಸಿದಳು. ಅದನ್ನೂ ಅವಳು ಕಂಠಮಟ ತುಂಬಿದ್ದಳು. ನಾನು ಹೆದರುತ್ತಲೇ ಮುಚ್ಚಳ ಎತ್ತಿದೆ. ಕೆಂಪು ಮರಿಗಳು ತಳದಲ್ಲಿ ಒಟ್ಟಾಗಿ ಸುತ್ತುತ್ತಿದ್ದವು. ಒಂದಕ್ಕೂ ಏನೂ ಆಗಿರಲಿಲ್ಲ.

"ಇವೂ ಅದಽ ಹೊಟ್ಟಿಲೆ ಹುಟ್ಟಿದ್ವಲ್ಲ? ಅವು ಸತ್ತು, ಇವು ಹೆಂಗ ಉಳದ್ವು?"

ಮೇಡಂ ಕಣ್ಣು ಒರೆಸಿಕೊಂಡರು. "ಅದನ್ನ ಕೇಳೋಕೇ ಅಮ್ಮ, ನಾನು ಈ ಊರಿಗೆ ಬಂದದ್ದು."

ಸಾಹೇಬರು ಹುಸೇನಪ್ಪನನ್ನು ತೆಗೆಯುವ ಮಾತನ್ನು ಅಲ್ಲಿಗೇ ಬಿಟ್ಟರು. ಅವರೂ ಕೆಟ್ಟವರಲ್ಲ, ಅವಸರದವರು. ಆದರೆ ಅತ್ತೆ ಅಂದು ಊಟ ಮಾಡಲಿಲ್ಲ, ಮರುದಿನವೂ ಮಾಡಲಿಲ್ಲ. ಪೂಜೆಗೆ ಕೂತವಳು ಕೂತಲ್ಲೇ ಇದ್ದಳು. ನಾನು ಒಳಗೂ ಹೊರಗೂ ಓಡಾಡಿದೆ. ಅಲ್ಲಿ ಷೆಡ್ಡಿನಲ್ಲಿ ಸಣ್ಣ ಮರಿಗಳು, ಇಲ್ಲಿ ಕೋಣೆಯಲ್ಲಿ ಇವಳು. ಯಾವ ಕಡೆ ಬೆನ್ನು ಮಾಡಿದರೂ ಆ ಕಡೆ ಏನೋ ಆಗಿಬಿಡುತ್ತದೆ ಎನ್ನುವ ಹೆದರಿಕೆ.

ಮೇಡಂ ಕೋಣೆಯ ಬಾಗಿಲಿಗೆ ಬಂದದ್ದು ಆಗ. ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು ನಿಂತರು.

"ಗೌರಮ್ಮ, ಉಳಿದಿರೋದು ಸಣ್ಣವೇ. ಇವು ಮೊದಲ ಸಲ ಗಾಳಿ ನುಂಗುವ ದಿನ ಹತ್ತಿರ ಬಂದಿದೆ. ಮೇಲೆ ಬಂದ ಮರಿಯನ್ನ ಆ ಕ್ಷಣಕ್ಕೇ ಬಲೆಯಲ್ಲಿ ಎತ್ತಿ ನನ್ನ ಕೈಗೆ ಕೊಡೋರು ಬೇಕು. ನಾನು ಇನ್ನೊಂದು ಕಡೆ ಕತ್ತರಿ ಹಿಡಿದು ಕೂತಿರಬೇಕು. ಹುಸೇನಪ್ಪನಿಗೆ ಕಣ್ಣು ಸಾಲದು. ನಿಮ್ಮ ಆಣೆ ನನಗೆ ಗೊತ್ತು. ಆಗಲ್ಲ ಅಂದರೆ ಆಗಲ್ಲ ಅನ್ನಿ. ನಾನು ಗಂಟು ಕಟ್ಟುತ್ತೇನೆ, ನಿಮ್ಮ ಮೇಲೆ ಬೇಜಾರಿಲ್ಲ."

ಬಲೆಯಲ್ಲಿ ಎತ್ತಿಕೊಡುವುದೆಂದರೆ ಲವಂಗದ ನೀರಿಗೆ ಎತ್ತಿಕೊಡುವುದು. ಎತ್ತಿಕೊಡದಿದ್ದರೆ ಕೋಣೆ ಖಾಲಿ ಮಾಡುವುದು. ಸೆರಗಿನ ತುದಿ ತಿರುಚುತ್ತ ನಿಂತೆ.

ಒಳಗಿನಿಂದ ಅತ್ತೆಯ ದನಿ ಬಂತು. "ಗೌರವ್ವ, ಇಲ್ಲೆ ಬಾ."

ಹೋಗಿ ಎದುರಿಗೆ ಕೂತೆ.

"ಆಣಿ ಹಾಕಿದಾಕಿ ಯಾರು?"

"ನೀವು."

"ಎಷ್ಟು ಜೀವ ತೆಗೆದಿ ನೀ ಇಲ್ಲಿತನಕ?"

"ಒಂದೂ ಇಲ್ಲ ಅತ್ತಿ."

"ನಾ ಒಂದು ಡ್ರಮ್ಮು ತೆಗೆದೆ. ಪುಣ್ಯ ಬರತೈತಿ ಅಂತ ತೆಗೆದೆ." ವಿಭೂತಿ ಗಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ಗೊತ್ತಿಲ್ಲದ ದಯಾ ಚೂರಿಕಿಂತ ಖರಾಬ್ ಐತಿ ನೋಡು. ಆ ಹುಡುಗಿ ಗೊತ್ತು ಮಾಡ್ಕೊಳ್ಳಾಕ ಬಂದಾಳ. ಹೋಗು. ಆಣಿ ನಾನಽ ಹಿಂದಕ್ಕ ತೊಗೊಂಡೀನಿ."

ನಾನು ಅಳುತ್ತಿದ್ದೆ. ಅವಳು ಎದ್ದು ಬಾಗಿಲಿಗೆ ಬಂದು ಮೇಡಂಗೆ ಹೇಳಿದಳು: "ನೋಡವ್ವಾ, ಬೇಕಾದಷ್ಟ ತೊಗೋ. ಒಂದೂ ಹೆಚ್ಚಿಗಿ ಬ್ಯಾಡ. ಉಳದಾವು ನಮ್ಮೂರ ಹೊಂಡಕ್ಕ ವಾಪಸ್ ಹೋಗಬೇಕು."

"ಆಯ್ತಮ್ಮ" ಎಂದರು ಮೇಡಂ.

ಆಮೇಲಿನದು ಕಾಯುವ ಕೆಲಸ. ಡ್ರಮ್ಮಿನ ಒಂದು ಕಡೆ ನಾನು, ಕೈಯಲ್ಲಿ ಚಹಾ ಸೋಸುವ ಜಾಳಿಗೆಯಷ್ಟು ಸಣ್ಣ ಬಲೆ. ಇನ್ನೊಂದು ಕಡೆ ಅತ್ತೆ, ಬಾ ಎಂದು ಯಾರೂ ಕರೆಯದಿದ್ದರೂ. ಮರಿಗಳು ಸುತ್ತುತ್ತಲೇ ಇದ್ದವು. ಒಂದು ಮೇಲೇರಿದಂತೆ ಮಾಡುತ್ತಿತ್ತು, ನಡುವಿನಿಂದಲೇ ತಿರುಗಿ ಇಳಿಯುತ್ತಿತ್ತು. ನನ್ನ ಕೈ ಬಲೆಯ ಹಿಡಿಯನ್ನು ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಬೇಗ ಬರಲಿ ಎಂದೂ ಅನಿಸುತ್ತಿತ್ತು, ಬರುವುದೇ ಬೇಡ ಎಂದೂ ಅನಿಸುತ್ತಿತ್ತು.

"ಅಲುಗಬ್ಯಾಡ ಬೇ, ನಿನ್ನ ನೆಳ್ಳು ಬೀಳಾಕತ್ತೈತಿ" ಎಂದು ಅತ್ತೆ ಗದರುತ್ತಿದ್ದಳು. ಕೊನೆಗೆ ಮೊದಲು ಕಂಡವಳೂ ಅವಳೇ.

"ಬಂತು!"

ನೀರಿನ ಮೇಲೆ ಸಾಸಿವೆ ಬಿದ್ದಷ್ಟು ಒಂದು ಸುಳಿ. ಕೆಂಪು ಮರಿಯೊಂದು ಬಾಯಿ ತೆರೆದು ಮುಚ್ಚಿತು. ಲೋಕದ ಗಾಳಿಯಲ್ಲಿ ಅದರ ಮೊದಲ ಗುಟುಕು. ಇಳಿಯುವ ಮೊದಲು ಎತ್ತಬೇಕಿತ್ತು. ಎತ್ತಿದೆ. ಮೇಡಂ ಕೈಗೆ ಕೊಟ್ಟೆ. ಲವಂಗದ ವಾಸನೆ ಬಂತು. ಅಂದು ನಾನು ಹೊರಗೆ ಹೋಗಲಿಲ್ಲ.

ಅತ್ತೆ ಕಣ್ಣು ಮುಚ್ಚಿ ತುಟಿ ಅಲುಗಿಸಿದಳು. ಒಂದೊಂದಕ್ಕೂ ಹಾಗೆಯೇ ಮಾಡಿದಳು.

ಮೇಡಂ ಮಾತಿನಂತೆ ನಡೆದರು. ಬೇಕಾದಷ್ಟನ್ನೇ ತೆಗೆದುಕೊಂಡರು. ಅವರ ಕೆಲಸಕ್ಕೆ ಇನ್ನೂ ಅವಧಿ ಸಿಕ್ಕಿತು, ನನ್ನದೂ ಉಳಿಯಿತು, ನಿವೃತ್ತಿಯ ತನಕ ಅಲ್ಲೇ ಇದ್ದೆ. ಗಾಳಿ ನುಂಗಿದ ಮರಿಗಳ ತಲೆಯ ಗೂಡಿನಲ್ಲಿ ರಕ್ತನಾಳದ ಒಲೆಗಳು ಹೊತ್ತಿಕೊಂಡದ್ದು ಕಂಡಿತು ಎಂದು ಮುಂದೆ ಫೋನ್ ಮಾಡಿ ಹೇಳಿದರು. "ಒಂದು ಒಲೆ ಅಲ್ಲ ಗೌರಮ್ಮ, ಒಂದು ಓಣಿಯೇ ಹೊತ್ತಿಕೊಂಡಿದೆ. ಮೊದಲ ಕಡ್ಡಿ ಗೀರಿದವರು ಯಾರು ಅಂತ ಮಾತ್ರ ಇನ್ನೂ ಗೊತ್ತಿಲ್ಲ" ಎಂದರು. ಪಲ್ಲವಿ, ಉಳಿದದ್ದನ್ನು ನೀನು ನೋಡು.

ಉಳಿದ ಮರಿಗಳನ್ನು ಹೊಂಡಕ್ಕೆ ಒಯ್ದವರು ನಾನು ಮತ್ತು ಅತ್ತೆ. ಮಸ್ಕಿಯಿಂದ ಊರಿನ ಆಟೋದಲ್ಲಿ ಅತ್ತೆ ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಅರ್ಧ ನೀರು. ಪಕ್ಕದಲ್ಲಿ ಕೂತ ಹೆಂಗಸು ಇಣುಕಿ ನೋಡಿ ಮರುಗಿದಳು.

"ಅಯ್ಯ, ನೀರು ಭಾಳ ಕಮ್ಮಿ ಅದಾವಲ್ಲ ಯವ್ವಾ. ಪಾಪ, ಬಾಯಿ ಬಿಡಾಕತ್ತಾವ. ನನ್ನ ಬಾಟ್ಲಿ ನೀರು ಹಾಕ್ಲ್ಯಾ?"

ಅತ್ತೆ ಕೊಡದ ಬಾಯಿಗೆ ಅಂಗೈ ಅಡ್ಡ ಹಿಡಿದಳು. "ಬ್ಯಾಡ ತಂಗೀ. ನೀ ಒಳ್ಳೇಕಿ ಅದಿ. ಆದ್ರ ಬ್ಯಾಡ." ಮತ್ತೆ ತನಗೇ ಹೇಳಿಕೊಳ್ಳುವಂತೆ, "ಇವಕ್ಕ ಮ್ಯಾಲೆ ಒಂದೀಟು ಜಾಗ ಬೇಕು" ಎಂದಳು.

ಹೊಂಡದಲ್ಲಿ ಬಿಟ್ಟೆವು. ಮರಿಗಳು ಕೆಸರಿನ ನೀರಿಗೆ ಇಳಿದು ಕಾಣದಾದವು. ಹೋಗೋಣ ಅತ್ತಿ, ಆಟೋ ತಪ್ಪತೈತಿ ಎಂದೆ. ಅವಳು ಏಳಲಿಲ್ಲ. ದಂಡೆಯ ಮೇಲೆ ಮೊಣಕಾಲು ಹಿಡಿದು ನೀರನ್ನೇ ನೋಡುತ್ತ ಕೂತಳು. ನಾನೂ ಕೂತೆ, ಎದ್ದೆ, ಮತ್ತೆ ಕೂತೆ. ಆಟೋ ಹೋಯಿತು. ಜೊಂಡಿನ ಹತ್ತಿರ ಒಂದು ಸಣ್ಣ ಸುಳಿ ಎದ್ದಿತು. ಆಮೇಲೆ ಇನ್ನೊಂದು.

"ಹ್ಞಾ, ಈಗ ನಡಿ" ಎಂದು ಅವಳು ಎದ್ದಳು.

ಅಂದು ಮನೆಗೆ ಬಂದು ಅವಳು ನಮ್ಮ ಕುಡಿಯುವ ನೀರಿನ ಡ್ರಮ್ಮು ತುಂಬಿದಳು. ಮೇಲೆ ನಾಲ್ಕು ಬೆರಳು ಅಡ್ಡ ಹಿಡಿದು ಅಳತೆ ನೋಡಿ ನಿಲ್ಲಿಸಿದಳು. ಅದರಲ್ಲಿ ಮೀನಿರಲಿಲ್ಲ, ಏನೂ ಇರಲಿಲ್ಲ. ಸಾಯುವವರೆಗೂ ಹಾಗೆಯೇ ತುಂಬಿದಳು. ಅವಳ ಕೈಯಿಂದ ಪೈಪು ನನ್ನ ಕೈಗೆ ಬಂತು, ಅಳತೆಯೂ ಅದರ ಜೊತೆ ಬಂತು.

ಈ ಹಾಳೆಗಳನ್ನು ಜೋಪಾನ ಮಾಡಿರಿ ಮಕ್ಕಳೇ. ಒಂದನ್ನೂ ಕಳೆಯಬೇಡಿ, ಮತ್ತೆ ಕೂತು ಬರೆಯುವಷ್ಟು ಹೊತ್ತು ನನಗೆ ಕೂರಲಾಗುವುದಿಲ್ಲ. ಡ್ರಮ್ಮಿನ ಮೇಲೆ ಗೋಡೆಯಲ್ಲಿರುವ ಗೂಡಿನಲ್ಲಿ ಇಟ್ಟಿರುತ್ತೇನೆ. ಅಲ್ಲಿಯವರೆಗೆ ನೀರು ಎಂದೂ ಏರುವುದಿಲ್ಲ.